ತೊಟ್ಟಿಯ ಲೋಳೆ

ಈ ಬೆಳಗ್ಗೆ ಕುರಿಗಳಿಗೆ ನೀರಿಡುವ ಸಿಮೆಂಟ್ ತೊಟ್ಟಿ ತೊಳೆಯುತ್ತಿದ್ದೆ. ಬಿಂದಿಗೆಗಟ್ಟಲೆ ನೀರು ರಾಚಿದರೂ ಒಳಗೋಡೆಯ ಲೋಳೆ ಅಲ್ಲಾಡಲಿಲ್ಲ. ಬೆರಳಾಡಿಸಿದರೆ ಜಾರುತ್ತದೆ, ಮೂಸಿದರೆ ಹಳಸಲು ವಾಸನೆ. ನೀವು ನಗಬಹುದು, ಆ ವಾಸನೆಗೆ ನನಗೆ ನೆನಪಾದದ್ದು ನನ್ನ ಹೆಂಡತಿ ಗೌರಮ್ಮ.

ನಾನು ತಳಕಿನವನು, ಹೈಸ್ಕೂಲು ಮುಗಿಸಿ ಕುರಿ ವ್ಯಾಪಾರಕ್ಕೆ ಇಳಿದವನು. ನಮ್ಮ ಕಸುಬಿನಲ್ಲಿ ಮಾರುವವನ ಮಾತು ನಂಬುವಂತಿಲ್ಲ. ಚಳ್ಳಕೆರೆ ಸಂತೆಯಲ್ಲಿ ಕುರಿಯ ತುಟಿ ಬಿಡಿಸಿ, ಹಲ್ಲು ನೋಡಿ, ವಯಸ್ಸು ನಾವೇ ತಿಳಿಯಬೇಕು. ಯಾರಾದರೂ ಆಣೆ ಇಟ್ಟರೆ ನಾನು ಇನ್ನೊಂದು ಸಲ ನೋಡುತ್ತಿದ್ದೆ. ಈ ಅನುಮಾನವನ್ನು ಸಂತೆಯಲ್ಲೇ ಬಿಟ್ಟು ಬಂದಿದ್ದರೆ ಚೆನ್ನಾಗಿತ್ತು. ಅದು ನನ್ನ ಹಿಂದೆಯೇ ಮನೆಗೆ ಬಂತು.

ಮದುವೆಯಾಗಿ ಕೆಲವು ವರ್ಷಕ್ಕೆ ಗೌರಮ್ಮನ ಬಾಯಿ ವಾಸನೆ ಬರತೊಡಗಿತು. ಮೊಳಕಾಲ್ಮೂರು ಕಡೆಯ ಅವಳ ಅವ್ವ ಹೊಗೆಸೊಪ್ಪು ಅಗಿಯುತ್ತಿದ್ದಳು. ಇವಳೂ ಕದ್ದು ಅಗಿಯುತ್ತಾಳೆ ಎಂದು ತೀರ್ಮಾನಿಸಿದೆ. ದಿಂಬಿನ ಕೆಳಗೆ, ಅಕ್ಕಿ ಡಬ್ಬಿಯಲ್ಲಿ, ಎಲೆಅಡಿಕೆ ಚೀಲದಲ್ಲಿ ಹುಡುಕಿದೆ. ಸಿಗಲಿಲ್ಲ. ಸಿಗದಿದ್ದಕ್ಕೆ ಅನುಮಾನ ಹೆಚ್ಚಾಯಿತು. ಇಷ್ಟು ಚೆನ್ನಾಗಿ ಬಚ್ಚಿಡುವವಳು ಎಂಥವಳಿರಬೇಕು!

"ಎಲ್ಲಿ ಇಟ್ಟೀಯಾ ಹೇಳು" ಎಂದೆ.

"ಏನನ್ನ?"

"ನಿಮ್ಮವ್ವ ಹಾಕ್ಕೊಳ್ಳೋದನ್ನ."

"ಹಲ್ಲುಜ್ಜಿದ್ರೆ ರಕ್ತ ಬರ್ತೈತ್ರಿ. ಅದಕ್ಕೇನೋ ವಾಸನೆ."

"ಹಂಗಾದ್ರೆ ರಕ್ತ ಬರೋ ಕಡೆ ಉಜ್ಜಬ್ಯಾಡ. ನೀರು ಮುಕ್ಕಳಿಸು, ಸಾಕು."

ನಂಬದೆಯೂ ಸಲಹೆ ಕೊಟ್ಟೆ. ಓದಿದವನ ಮಾತೆಂದು ಅವಳು ಪಾಲಿಸಿದಳು. ವರ್ಷಗಳು ಉರುಳಿ ನಮಗೆ ವಯಸ್ಸಾಗುವಷ್ಟರಲ್ಲಿ ಅವಳ ಮುಂದಿನ ಹಲ್ಲುಗಳು ಸಡಿಲಾಗಿ ಒಂದೊಂದಾಗಿ ಬಿದ್ದವು. ಅಕ್ಕಪಕ್ಕದವರ ಜೊತೆ ಬಾಯ್ತುಂಬ ನಗುವವಳು ನನ್ನ ಹೆಜ್ಜೆ ಸಪ್ಪಳ ಕೇಳಿದರೆ ಸೆರಗನ್ನು ಬಾಯಿಗೆ ಎಳೆದುಕೊಳ್ಳುತ್ತಾಳೆ. ನನ್ನನ್ನೇ ಆಡಿಕೊಂಡು ನಗುತ್ತಿದ್ದಾಳೆ ಎಂದು ಅದಕ್ಕೂ ಒಂದು ಅನುಮಾನ ಸಾಕಿಕೊಂಡಿದ್ದೆ.

ಹೋದ ವಾರ ನನ್ನ ಒಸಡಿನಲ್ಲೇ ರಕ್ತ ಬಂತು. ಚಳ್ಳಕೆರೆಯ ಹಲ್ಲಿನ ಡಾಕ್ಟ್ರಮ್ಮ ಹಲ್ಲಿನ ಬುಡದ ಹಳದಿ ಪದರ ಕೆರೆದು ತೋರಿಸಿದರು. "ಇದು ಅನ್ನದ ಅಗುಳಲ್ಲ ಅಜ್ಜ. ಸೂಕ್ಷ್ಮಜೀವಿಗಳು ಹಲ್ಲಿಗೆ ಕಚ್ಚಿಕೊಂಡು, ತಾವೇ ಅಂಟು ಮಾಡ್ಕೊಂಡು, ಅದರೊಳಗೆ ಬೀಡುಬಿಟ್ಟಿವೆ. ಮುಕ್ಕಳಿಸಿದ್ರೆ ಹೋಗಲ್ಲ, ಉಜ್ಜಬೇಕು. ಬಿಟ್ರೆ ಕಲ್ಲಾಗುತ್ತೆ, ಒಸಡು ಹಲ್ಲಿನ ಹಿಡಿತ ಬಿಡುತ್ತೆ."

"ರಕ್ತ ಬರೋ ಕಡೆ?"

"ಅಲ್ಲೇ ಮೆಲ್ಲಗೆ, ತಪ್ಪದೆ ಉಜ್ಜಬೇಕು."

ಹೆದರಿಸಿ ಮತ್ತೆ ಕುರ್ಚಿಗೆ ಕರೆಸುವ ವ್ಯಾಪಾರ ಎಂದುಕೊಂಡೇ ಮನೆಗೆ ಬಂದಿದ್ದೆ. ಇವತ್ತು ತೊಟ್ಟಿ ಸಾಕ್ಷಿ ಹೇಳಿತು. ನೀರಿಗೆ ಜಗ್ಗದ ಲೋಳೆ ತೆಂಗಿನ ನಾರಿನಿಂದ ಉಜ್ಜಿದಾಗ ಎದ್ದು ಬಂತು. ಊರವರ ಕುರಿಗಳ ಬಾಯಿ ಬಿಡಿಸಿ ನೋಡಿದವನು ಹೆಂಡತಿಯ ಬಾಯಿ ಒಮ್ಮೆಯೂ ನೋಡಿರಲಿಲ್ಲ.

ಕೈ ಒರೆಸಿಕೊಂಡು, ಟಾರ್ಚು ಹಿಡಿದು ಅಡುಗೆಮನೆಗೆ ಹೋದೆ. "ತಪ್ಪು ನಂದು ಗೌರಿ. ನಿನ್ನ ಹಲ್ಲು ಹೋಗಿದ್ದು ನನ್ನ ಮಾತು ಕೇಳಿ. ಉಳಿದಿರೋದನ್ನ ನೋಡ್ತೀನಿ, ಬಾಯಿ ತೆಗಿ."

ಸೆರಗು ಮೇಲೆ ಬಂತು. ಕಣ್ಣು ಕಿರಿದಾದವು. "ಏನ್ರಿ, ಯಾವ ಸಂತೆಗೆ ಹೊಡ್ಕೊಂಡು ಹೋಗ್ತೀರಿ ನನ್ನ?"

"ನಿನ್ನಾಣೆಗೂ ಹಂಗೇನಿಲ್ಲ."

"ಆಣೆ ಇಟ್ಟೋರನ್ನ ನೀವೇ ನಂಬಲ್ಲ. ಮೊದ್ಲು ನಿಮ್ಮದು ತೆಗೀರಿ."

ತೆಗೆದೆ. ಟಾರ್ಚು ಕಸಿದುಕೊಂಡು, ನನ್ನ ಗದ್ದ ಹಿಡಿದು ಆ ಕಡೆ ಈ ಕಡೆ ತಿರುಗಿಸಿದಳು. "ಎಡಗಡೆ ಕೆಳಗೆ ಉಜ್ಜೇ ಇಲ್ವಲ್ರಿ!" ಎಂದು ಜೋರಾಗಿ ನಕ್ಕಳು.

ಅವಳ ಒಂದು ಕೈಯಲ್ಲಿ ಟಾರ್ಚು, ಇನ್ನೊಂದರಲ್ಲಿ ನನ್ನ ಗದ್ದ. ಸೆರಗು ಹಿಡಿಯಲು ಕೈ ಉಳಿದಿರಲಿಲ್ಲ.