ನೀಲವ್ವ ಕಾಕು ಅಳಲಿಲ್ಲ

ನೀಲವ್ವ ಕಾಕು ರೊಟ್ಟಿಯ ತುತ್ತುತುತ್ತಿಗೂ ಒಂದು ಗುಟುಕು ನೀರು ಕುಡಿಯುತ್ತಿದ್ದಳು. ಬಾಯಲ್ಲಿ ಜೊಲ್ಲೇ ಇರಲಿಲ್ಲ. ಬೆರಳ ಕೀಲುಗಳು ಬಾತು ಸೊಟ್ಟಗಾಗಿದ್ದವು. ಕಣ್ಣು ಸದಾ ಕೆಂಪು. ಏನಾತು ಅಂತ ಕೇಳಿದರೆ, “ಯಾರೋ ನನ್ನ ಕಣ್ಣಾಗ ಒಂದು ಚಕ್ಕಡಿ ಉಸುಕು ಇಳಿಸಿ ಹೋಗ್ಯಾರೋ ರುದ್ರಾ. ನಿಮ್ಮ ಗಾಡಿಯವರದ ಕೆಲಸ ಇದು” ಎನ್ನುವಳು.

ಗೋಪನಕೊಪ್ಪದಲ್ಲಿ ನಮ್ಮ ಗೋಡೆಗೆ ಗೋಡೆ ಹತ್ತಿದ ಮನೆ ಅವಳದು; ಚಿಕ್ಕಮ್ಮನ ಹಾಗೆ ಕಂಡು ಕಾಕು ಎನ್ನುತ್ತಿದ್ದೆ. ನಾನು ಮೂರನೆಯ ಇಯತ್ತೆಗೇ ಸಾಲಿ ಬಿಟ್ಟು ಹತ್ತಿ ಹೇರುವ ಚಕ್ಕಡಿ ಹಿಡಿದವನು. ದುಡಿತ ಯಾವುದು, ಸೋಗು ಯಾವುದು ನನಗೆ ಗೊತ್ತಾಗುತ್ತದೆ. ಲಕ್ವಾ ಹೊಡೆದು ಮಲಗಿದ ಗಂಡನನ್ನು ಆ ಸೊಟ್ಟ ಕೈಯಲ್ಲೇ ಎತ್ತಿ, ತೊಳೆದು, ಉಣ್ಣಿಸಿದವಳು ಅವಳು.

ಗಂಡ ತೀರಿದ ದಿನ ಹೆಣದ ಸುತ್ತ ಹೆಂಗಸರು ಹಾಡ್ಯಾಡಿ ಅಳುತ್ತಿದ್ದರು. ಕಾಕು ಎದೆ ಬಡಿದುಕೊಂಡಳು, ಕಣ್ಣಲ್ಲಿ ಹನಿ ಬರಲಿಲ್ಲ. ಮೈದುನ ಶಿವಪ್ಪನ ಹೆಂಡತಿ, “ಮಂದಿ ನೋಡಾಕತ್ತಾರ” ಎಂದು ಹೆಚ್ಚಿದ ಉಳ್ಳಾಗಡ್ಡಿಯನ್ನೇ ಅವಳ ಕಣ್ಣಿಗೆ ಹಿಡಿದಳು. ಕಣ್ಣು ಕೆಂಡವಾಯಿತು, ಅಷ್ಟೇ.

“ಉಳ್ಳಾಗಡ್ಡಿಗೂ ಕರಗದಾಕಿ. ಅಣ್ಣಗ ಏನು ಹಾಕಿ ಕೊಂದಾಳೋ. ಇಕಿ ಈ ಮನ್ಯಾಗ ಇರಬಾರದು” ಎಂದ ಶಿವಪ್ಪ. ಆ ಮನೆ ಅವನಿಗೆ ಬೇಕಾಗಿತ್ತು.

ನಾನು ಅವಳನ್ನು ಧಾರವಾಡದ ಡಾಕ್ಟರ ಹತ್ತಿರ ಒಯ್ದೆ. ಅವರು ಕೆಳರೆಪ್ಪೆಯೊಳಗೆ ಕಾಗದದ ಚೂರೊಂದನ್ನು ಸಿಕ್ಕಿಸಿ ಕಾದರು. ಅದು ಒಣಗಿದ್ದು ಒಣಗಿದಂತೆಯೇ ಹೊರಬಂತು.

“ಇದು ಬರೇ ಕಣ್ಣಿನ ಬ್ಯಾನಿ ಅಲ್ಲ, ಮೈಯೊಳಗಿನ ಬ್ಯಾನಿ. ಕೀಲು ಹಿಡಿದದ್ದೂ ಅದೇ, ಬಾಯಿ ಒಣಗಿಸಿದ್ದೂ ಅದೇ. ಈಕಿ ಅಳಬೇಕಂದ್ರೂ ಕಣ್ಣೀರು ಬರೂದಿಲ್ಲ” ಅಂದರು.

ಶಿವಪ್ಪ ಮನೆಯ ಸಲುವಾಗಿ ಪಂಚಾಯ್ತಿ ಕೂಡಿಸಿದಾಗ ಅದನ್ನೇ ಊರ ಹಿರಿಯರ ಮುಂದೆ ಹೇಳಿದೆ. “ಸಾಲಿ ಬಿಟ್ಟಾಂವ ಡಾಕ್ಟರಕಿ ಹೇಳಾಕ ಬಂದಾನ” ಎಂದು ನಕ್ಕರು. ಆ ನಗೆ ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ.

ಕಾಕು ಎದ್ದು ನಿಂತಳು. “ನಾ ಅಳಲಿಲ್ಲ, ಖರೇ ಐತ್ರಿ. ಅಂವಾ ಹಾಸಿಗಿ ಹಿಡಿದಾಗ ಹೇಲು ಉಚ್ಚಿ ಬಳದಾಕಿ ನಾನು. ಅತ್ತವರೊಳಗ ಒಬ್ಬರರೆ ಒಂದು ತಂಬಿಗಿ ನೀರು ತಂದಿದ್ರೇನ್ರಿ?”

ಆದರೂ ಹಿರಿಯರು ಮನೆ ಶಿವಪ್ಪನಿಗೆ, ಕಾಕು ಕೆಲಗೇರಿಯ ತವರಿಗೆ ಎಂದೇ ತೀರ್ಮಾನಿಸಿದರು. ಇದು ನ್ಯಾಯ ಅಂತೆ.

ಬಿಟ್ಟುಬರಲು ನಾನೇ ಚಕ್ಕಡಿ ಕಟ್ಟಿದೆ. ಓಣಿಯ ಹೆಂಗಸರು ಬಾಗಿಲಿಗೆ ಬಂದರು. ಶಿವಪ್ಪನ ಹೆಂಡತಿಯೂ ಕಣ್ಣಿಗೆ ಸೆರಗು ಒತ್ತಿಕೊಂಡು ಬಿಕ್ಕುತ್ತಿದ್ದಳು. ಕಾಕು ಗಂಟನ್ನು ಮಡಿಲಲ್ಲಿಟ್ಟುಕೊಂಡು ಅವರನ್ನೊಮ್ಮೆ ನೋಡಿದಳು.

“ಲಗೂ ಹೊಡಿ ರುದ್ರಾ,” ಎಂದಳು. “ನಾವು ಹೋಗೋತನಕ ಇವರು ಅಳೋದು ಬಿಡಂಗಿಲ್ಲ. ಪಾಪ, ಮನ್ಯಾಗ ಕೆಲಸ ಬಿದ್ದಿರತಾವ.”