ಸಾಲು ತಪ್ಪಿದ ತೆಂಗು

ಮದುವೆಯಾಗಿ ಯಗಟಿ ಹತ್ತಿರದ ಗಂಡನ ಊರಿಗೆ ಬಂದ ಮರುದಿನವೇ ನನ್ನ ಕಣ್ಣಿಗೆ ಬಿದ್ದದ್ದು ಕೊಟ್ಟಿಗೆ ಹಿಂದಿನ ಮೂರು ತೆಂಗಿನ ಸಸಿ. ತೋಟದ ತೆಂಗೆಲ್ಲ ಹಗ್ಗ ಹಿಡಿದು ನೆಟ್ಟ ಹಾಗೆ ಸಾಲಾಗಿದ್ದವು. ಇವು ಮಾತ್ರ ಒಂದು ತಿಪ್ಪೆಯ ಪಕ್ಕ, ಒಂದು ಗೋಡೆಗೆ ಅಂಟಿಕೊಂಡು, ಇನ್ನೊಂದು ದನ ಓಡಾಡುವ ದಾರಿಯಲ್ಲೇ. ನಾನು ಅಜ್ಜಂಪುರದಲ್ಲಿ ಬೆಳೆದು ಎಸ್ಸೆಸ್ಸೆಲ್ಸಿ ಪಾಸಾದವಳು. ತೆಂಗಿನ ವಿಷಯ ನನಗೇನು ಗೊತ್ತು ಎಂದು ಸುಮ್ಮನಿರಬಹುದಿತ್ತು. ಸುಮ್ಮನಿರುವುದು ನನ್ನ ಜಾಯಮಾನವಲ್ಲ, ಕೇಳಿಯೇ ಬಿಟ್ಟೆ. "ಅಲ್ಲಿ ನೀರು ಚೆನ್ನಾಗಿ ನಿಂತ್ಕೊತದೆ ಕಣಮ್ಮಿ," ಅಂದರು ಅತ್ತೆ. ಬಚ್ಚಲ ನೀರು ಹರಿಯುತ್ತಿದ್ದದ್ದು ಹಿತ್ತಲ ಇನ್ನೊಂದು ತುದಿಗೆ. ಹೊಸ ಸೊಸೆ ನೋಡಿ, ಹೂಂ ಅಂದೆ.

ನಮ್ಮ ಯಜಮಾನರು ಮಿಲಿಟರಿಯಲ್ಲಿದ್ದವರು. ಎಪ್ಪತ್ತೊಂದರ ಯುದ್ಧದಲ್ಲಿ ಗಡಿಯಲ್ಲಿದ್ದರು. ಅವಧಿ ಮುಗಿಸಿ ಎಪ್ಪತ್ನಾಲ್ಕರಲ್ಲಿ ಟ್ರಂಕು ಹೊತ್ತು ಊರಿಗೆ ಬಂದರು. ಅದೇ ವರ್ಷ ನಮ್ಮ ಮದುವೆ. ಮೈಮೇಲೆ ಒಂದು ಗಾಯದ ಗುರುತಿಲ್ಲ. ಕುಡಿತವಿಲ್ಲ, ಬೀಡಿಯಿಲ್ಲ. ನಮ್ಮಪ್ಪ ಇನ್ನೇನು ನೋಡಬೇಕಿತ್ತು?

ಮೊದಲ ಮಳೆಗಾಲದಲ್ಲೇ ಗೊತ್ತಾಯಿತು. ಗುಡುಗು ಬಂದರೆ ಉಣ್ಣುತ್ತಿದ್ದ ತಟ್ಟೆ ಬಿಟ್ಟು ನೆಲಕ್ಕೆ ಕವುಚಿ ಮಲಗುತ್ತಿದ್ದರು. ಒಮ್ಮೊಮ್ಮೆ ವಾರಗಟ್ಟಲೆ ಮಾತಿಲ್ಲ. ಆಮೇಲೊಂದು ದಿನ ಹಾರೆ, ಗುದ್ದಲಿ ತೆಗೆದುಕೊಂಡು ಕೊಟ್ಟಿಗೆ ಹಿಂದೆ ಸೊಂಟದಾಳದ ಗುಂಡಿ ತೋಡಿದರು. ತೋಡಿ, ಅದರೊಳಗೆ ಇಳಿದು, ಮಂಡಿ ಮಡಿಸಿಕೊಂಡು ಸಂಜೆಯವರೆಗೂ ಕೂತರು. ಮುದ್ದೆಯ ತಟ್ಟೆ ಹಿಡಿದು ಅಂಚಿನಲ್ಲಿ ನಿಂತು ಕರೆದೆ. "ತಲೆ ತಗ್ಸು," ಅಂದರು, ಅಷ್ಟೇ.

ಮರುದಿನ ಅತ್ತೆ ಎಲ್ಲಿಂದಲೋ ಒಂದು ತೆಂಗಿನ ಸಸಿ ತಂದು ಆ ಗುಂಡಿಗೆ ನೆಟ್ಟು ಮಣ್ಣು ಮುಚ್ಚಿದರು. ಬೇಲಿಯಾಚೆ ನಿಂತು ನೋಡುತ್ತಿದ್ದ ಪಕ್ಕದ ಮನೆಯಾಕೆಗೆ ಕೇಳುವ ಹಾಗೆ, "ನನ್ ಮಗ ಗಿಡಕ್ಕೆ ಗುಂಡಿ ತೆಗೆದವ್ನೆ. ಮಿಲ್ಟ್ರಿ ಕೈ ನೋಡು, ಹೆಂಗೈತೆ!" ಎಂದು ಕೂಗಿದರು.

ನಾನೇನು ದಡ್ಡಿಯಲ್ಲ. ಹೊಸ ಸಸಿ ನೋಡಿದೆ, ಹಳೆಯ ಮೂರೂ ನೋಡಿದೆ. "ಆ ಮೂರರ ಗುಂಡಿ ಯಾರು ತೆಗೆದದ್ದು ಅತ್ತೆ?" ಅಂದೆ. "ನಿಮ್ಮಾವ," ಅಂದರು ಮುಖ ತಿರುಗಿಸಿ. ಮಾವ ತೀರಿಹೋಗಿದ್ದರು. ಸತ್ತವರನ್ನು ಎಬ್ಬಿಸಿ ಕೇಳಲಾದೀತೇ? ಅಲ್ಲಿಗೆ ಅವರ ಬಾಯಿಗೆ ಬೀಗ ಬಿತ್ತು, ಒಂದು ವಿಷಯ ಬಿಟ್ಟು. "ನನ್ ಮಗ ಹೂವಿನಂಗಿದ್ದ. ಇವಳು ಹೊಸಿಲು ತುಳಿದ್ಲು ನೋಡು, ಅವತ್ತಿಂದ ಹಿಂಗಾದ. ಕಾಲ್ಗುಣ!" ಈ ಮಾತು ಬಾವಿಕಟ್ಟೆಗೂ ಹೋಯಿತು, ರಾಗಿ ಮಿಲ್ಲಿಗೂ ಹೋಯಿತು. ಒಂದು ಮದುವೆ ಮನೆಯಲ್ಲಿ ಹಸೆ ಹಾಕುವಾಗ ನನ್ನನ್ನು ನಯವಾಗಿ ಪಕ್ಕಕ್ಕೆ ಸರಿಸಿದರು. ನನ್ನ ಕಾಲು ನಾನೇ ನೋಡಿಕೊಂಡೆ. ಎಲ್ಲರ ಕಾಲಿನಂಥದೇ ಕಾಲು, ಹಿಮ್ಮಡಿ ಒಡೆದಿತ್ತು.

ಇಷ್ಟರ ನಡುವೆ ನಿಂಬೆಹಣ್ಣು, ತಾಯಿತ, ಅಂತ್ರ ಎಲ್ಲ ನಡೆದವು. ಗುಂಡಿ ತೋಡುವುದೂ ನಡೆಯಿತು, ಸಸಿ ನೆಡುವುದೂ ನಡೆಯಿತು. ವರ್ಷ ಕಳೆದಂತೆ ಕೊಟ್ಟಿಗೆಯಿಂದ ಸಗಣಿ ಹೊರಕ್ಕೆ ಹಾಕಲು ದಾರಿಯಿಲ್ಲದಂತಾಯಿತು.

ಎಂಬತ್ತರ ಸುಮಾರಿಗೆ ಕಡೂರಿನಲ್ಲಿ ಸೈಕಲ್ ಶಾಪ್ ಇಟ್ಟಿದ್ದ ಸಾಬರೊಬ್ಬರ ಪರಿಚಯವಾಯಿತು. ಅವರೂ ಮಿಲಿಟರಿಯಲ್ಲಿದ್ದು ಬಂದವರು, ಬೇರೆ ಪಲ್ಟನ್ನು. ಯಜಮಾನರು ಟ್ಯೂಬಿಗೆ ಗಾಳಿ ಹೊಡೆಯುವ ಸದ್ದಿಗೇ ಬೆಚ್ಚಿ ಬೀಳುವುದನ್ನು ನೋಡಿ ಅವರೇ ನನ್ನನ್ನು ಪಕ್ಕಕ್ಕೆ ಕರೆದು ಎಲ್ಲ ವಿಚಾರಿಸಿ ಹೇಳಿದರು.

"ಇದು ಬೀಮಾರಿ ಕಣಮ್ಮ. ದೆವ್ವ ಅಲ್ಲ. ಇದಕ್ಕೂ ಪಿಂಚಣಿ ಕೊಡ್ತಾರೆ. ಆದ್ರೆ ಡ್ಯೂಟಿಲಿದ್ದಾಗ್ಲೇ ಶುರುವಾಯ್ತು ಅಂತ ಡಾಕ್ಟ್ರು ಬರ್ದು ಕೊಡ್ಬೇಕು. ಮನೆಗೆ ಬಂದ್ಮೇಲೆ ಶುರುವಾಯ್ತು ಅಂದ್ರೆ ಒಂದು ಕಾಸೂ ಇಲ್ಲ."

ಪಿಂಚಣಿ ಬೇಡವಾಗಿತ್ತು ಎಂದು ಸುಳ್ಳು ಹೇಳುವುದಿಲ್ಲ. ರಾಗಿ, ಕುರಿ ನಂಬಿದ ಮನೆಗೆ ಅದು ಬೇಕಿತ್ತು. ಆದರೆ ಅದಕ್ಕಿಂತ ಹೆಚ್ಚಾಗಿ ನನಗೆ ಆ ಒಂದು ವಾಕ್ಯ ಬೇಕಿತ್ತು. ಈ ಮನುಷ್ಯನಿಗೆ ಕಾಯಿಲೆ ತಗುಲಿದ್ದು ಯುದ್ಧದಲ್ಲಿ, ಹೆಂಡತಿಯ ಕಾಲಿನಿಂದಲ್ಲ ಎಂದು ಓದಿದವರೊಬ್ಬರು ಬರೆದು ಸೀಲು ಹೊಡೆದುಕೊಡಬೇಕಿತ್ತು.

ಕೊಡುವವರು ಯಾರು? ಕಡೂರಿನ ನಮ್ಮ ಡಾಕ್ಟರು ನಾಡಿ ಹಿಡಿದು, ನಾಲಿಗೆ ನೋಡಿ, 'ಸಾಮಾನ್ಯ ನಿಶ್ಶಕ್ತಿ' ಎಂದು ಬರೆದು ಟಾನಿಕ್ ಕೊಟ್ಟರು. "ನಿಶ್ಶಕ್ತಿ ಇದ್ದವರು ಸೊಂಟದಾಳ ಗುಂಡಿ ತೋಡ್ತಾರಾ ಸಾರ್?" ಅಂದೆ. ಅವರು ಕುರ್ಚಿ ಮುಂದಕ್ಕೆಳೆದು ದನಿ ತಗ್ಗಿಸಿದರು. "ನೋಡಮ್ಮ, ತಲೆ ಸರಿಯಿಲ್ಲ ಅಂತ ಬರೆದ್ರೆ ನಾಳೆ ಜಮೀನಿನ ಪತ್ರಕ್ಕೆ ಅವರು ಹಾಕೋ ರುಜು ಯಾರು ಒಪ್ತಾರೆ? ಮರ್ಯಾದಸ್ಥರ ಮನೆ. ನಿಮ್ಮ ಒಳ್ಳೇದಕ್ಕೇ ಹೇಳ್ತಿದೀನಿ." ಇನ್ನು ನಮ್ಮ ಪಂಚಾಯ್ತಿ ಚೇರ್ಮನ್ನರು. ಪಾಪ, ಕೇಳಿದ ಕೂಡಲೇ ಬರೆದುಕೊಟ್ಟರು. ಸದರಿಯವರು ಸದ್ಗುಣಿಗಳೂ ಸ್ಥಿರಬುದ್ಧಿಯವರೂ ಆಗಿದ್ದು ಯಾವುದೇ ಕೆಟ್ಟ ಚಾಳಿಯಿಲ್ಲದವರು ಎಂದು! ಅದನ್ನು ಹಿಡಿದು ಬೀದಿಯಲ್ಲಿ ನಿಂತು ನಗಬೇಕೋ ಅಳಬೇಕೋ ತಿಳಿಯಲಿಲ್ಲ. ನನ್ನ ಗಂಡನಿಗೆ ಕಾಯಿಲೆ ಎಂದು ಒಬ್ಬರಾದರೂ ಬರೆಯಿರಪ್ಪಾ ಎಂದು ಊರೂರು ಅಲೆಯುತ್ತಿದ್ದರೆ, ಸಿಕ್ಕವರೆಲ್ಲ ಉಪಕಾರ ಮಾಡುವವರೇ.

ಅಷ್ಟರಲ್ಲಿ ಕಡೂರಿನಲ್ಲಿ ಮಾಜಿ ಸೈನಿಕರ ಸಭೆ ನಡೆಯುತ್ತದೆ, ಮಿಲಿಟರಿ ಡಾಕ್ಟರು ಬರುತ್ತಾರೆ ಎಂದು ಸಾಬರು ಹೇಳಿ ಕಳಿಸಿದರು. ಯಜಮಾನರು ಟ್ರಂಕಿನಿಂದ ಬೂಟು ತೆಗೆದು ಮುಖ ಕಾಣುವ ಹಾಗೆ ಉಜ್ಜಿದರು. ನನಗೆ ಆಗಲೇ ಅನುಮಾನ ಬಂತು. ಮೇಜಿನ ಹಿಂದೆ ಕೂತಿದ್ದ ಡಾಕ್ಟರು ತಲೆಯೆತ್ತಿ, "ಕೋಯಿ ತಕ್ಲೀಫ್?" ಏನಾದರೂ ತೊಂದರೆಯೇ ಅಂದರು. ಇವರು ಎದೆ ಸೆಟೆಸಿ ಹಿಮ್ಮಡಿ ಕುಟ್ಟಿದರು. "ನಹೀ ಸಾಬ್! ಸಬ್ ಠೀಕ್ ಹೈ ಸಾಬ್!" ಮನೆಯಲ್ಲಿ ವಾರದಿಂದ ಒಂದು ಮಾತೂ ಆಡದವರ ಗಂಟಲು ಅಲ್ಲಿ ಆಚೆ ಬೀದಿಗೂ ಕೇಳಿಸಿತು. "ಇಲ್ಲ ಸಾರ್, ಠೀಕಿಲ್ಲ, ನಿದ್ದೆ ಇಲ್ಲ," ಎಂದು ನಾನು ನುಗ್ಗುವಷ್ಟರಲ್ಲಿ ಹಿಂದಿದ್ದವರನ್ನು ಕರೆದಾಗಿತ್ತು.

ವಾಪಸ್ ಬರುವಾಗ ದಾರಿಯಲ್ಲಿ ಬಸ್ಸಿನ ಟೈರು ಒಡೆಯಿತು. ಉಜ್ಜಿದ ಬೂಟಿನ ಸಮೇತ ಇವರು ಸೀಟಿನ ಕೆಳಗೆ. ಕಂಡಕ್ಟರು, ನಾನು ಇಬ್ಬರೂ ಸೇರಿ ಎಬ್ಬಿಸಿದೆವು. ಆಗ ಯಾವ ಡಾಕ್ಟರೂ ಇರಲಿಲ್ಲ.

ಕೊನೆಗೆ ತರೀಕೆರೆ. ಅಲ್ಲಿ ಔಷಧಿ ಅಂಗಡಿಯ ಮಹಡಿಯ ಮೇಲೆ ತಿಂಗಳಿಗೊಮ್ಮೆ ಶಿವಮೊಗ್ಗದಿಂದ ಮಾನಸಿಕ ಕಾಯಿಲೆಯ ಡಾಕ್ಟರೊಬ್ಬರು ಬಂದು ಕೂರುತ್ತಿದ್ದರು. ಮೊದಲ ಸಲ ಒಬ್ಬರು ನನ್ನ ಮಾತನ್ನು ಅರ್ಧಕ್ಕೆ ತಡೆಯದೆ ಕೇಳಿದರು. ಮಾತ್ರೆ ಕೊಟ್ಟರು. ಆ ಮಾತ್ರೆಯಿಂದ ಇವರು ಒಂದಿಷ್ಟು ನಿದ್ದೆ ಮಾಡಿದರು. ಆದರೆ ಕಾಗದ ಕೇಳಿದ್ದಕ್ಕೆ ಆಗುವುದಿಲ್ಲ ಎಂದು ತಲೆಯಾಡಿಸಿದರು. "ನೀವು ಹೇಳೋದೆಲ್ಲ ಮದುವೆ ಆದಮೇಲಿನ ಮಾತಮ್ಮ. ಅಷ್ಟೊತ್ತಿಗೆ ಇವರು ಮಿಲಿಟರಿ ಬಿಟ್ಟಾಗಿತ್ತು. ಅದಕ್ಕೂ ಮುಂಚೆ, ರಜಕ್ಕೆ ಬಂದಾಗ ಹೇಗಿದ್ರು ಅಂತ ಕಂಡವರು ಹೇಳ್ಬೇಕು. ತಾಯಿ ಇದಾರಲ್ಲ, ಕರ್ಕೊಂಡು ಬನ್ನಿ."

ನೋಡಿ ನನ್ನ ಹಣೆಬರಹ! ನನ್ನ ಕಾಲಿಗೆ ಕಟ್ಟಿದ ಅಪವಾದ ಬಿಚ್ಚಲು ಕಟ್ಟಿದವರೇ ಬರಬೇಕು.

ಅತ್ತೆಯನ್ನು ಹೊರಡಿಸುವಷ್ಟರಲ್ಲಿ ಸಾಕುಸಾಕಾಯಿತು. ಒಂದು ತಿಂಗಳು ಮಂಡಿ ನೋವು, ಇನ್ನೊಂದು ತಿಂಗಳು ಕುರಿ ಮರಿ ಹಾಕುವ ಕಾಲ. ಕೊನೆಗೆ "ಬತ್ತೀನಿ ನಡಿ. ಆದ್ರೆ ನಾನು ಸುಳ್ಳು ಹೇಳೋಳಲ್ಲ ಕಣೇ," ಎಂದು ಎಲೆಯಡಿಕೆ ಚೀಲ ಸೊಂಟಕ್ಕೆ ಸಿಕ್ಕಿಸಿಕೊಂಡು ಬಸ್ಸು ಹತ್ತಿದರು.

"ಮದುವೆಗೆ ಮುಂಚೆ ಮಗ ಹೇಗಿದ್ದ ಅಜ್ಜಿ?" ಎಂದು ಡಾಕ್ಟರು ಕೇಳಿದರು.

"ಹೂವಿನಂಗಿದ್ದ ನನ್ನಪ್ಪ."

ಡಾಕ್ಟರು ಪೆನ್ನು ಕೆಳಗಿಟ್ಟರು. ಆ ಪೆನ್ನು ಮೇಜಿಗೆ ತಾಗಿದ ಸದ್ದಿಗೆ ನನಗೆ ಮೈಯೆಲ್ಲ ಉರಿದುಹೋಯಿತು. "ಹಂಗಾದ್ರೆ ಕೊಟ್ಟಿಗೆ ಹಿಂದಿನ ಆ ಮೂರು ತೆಂಗು ಯಾರ ಗುಂಡಿ ಅತ್ತೆ? ಈಗ್ಲಾದ್ರೂ ಹೇಳಿ!" ಎಂದು ಕೂಗಿಬಿಟ್ಟೆ. ಕೆಳಗಿನ ಅಂಗಡಿಯವನು ಮೆಟ್ಟಿಲ ಬಳಿ ಬಂದು ಇಣುಕಿದ.

"ನಿಮ್ಮಾವಂದು ಅಂತ ಹೇಳ್ಲಿಲ್ವಾ..."

"ನಂದು," ಅಂದರು ಯಜಮಾನರು.

ಅವರು ಆವರೆಗೆ ಗೋಡೆಯ ಕ್ಯಾಲೆಂಡರ್ ನೋಡುತ್ತ ಕೂತಿದ್ದರು. "ಗುಂಡಿ ನಂದು ಸಾರ್. ಗಿಡ ಅವ್ವಂದು. ಯುದ್ಧ ಆದ್ಮೇಲೆ ರಜಕ್ಕೆ ಬಂದಿದ್ದೆ. ಒಳಗೆ ಮಲಗಕ್ಕೆ ಆಗ್ತಿರ್ಲಿಲ್ಲ."

ಅತ್ತೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. ಆಮೇಲೆ ತಡೆ ಹಾಕಿದ ನೀರು ಬಿಟ್ಟ ಹಾಗೆ ಎಲ್ಲ ಬಂತು. ಆ ರಜದಲ್ಲಿ ಮೂರು ಸಲ ಗುಂಡಿ ತೋಡಿದ್ದು, ಜನ ಕೇಳಿಯಾರೆಂದು ತಾವೇ ಸಸಿ ನೆಟ್ಟದ್ದು, ದೀಪಾವಳಿ ಪಟಾಕಿಗೆ ಇವರು ರಾಗಿ ಮೂಟೆಗಳ ಸಂದಿಯಲ್ಲಿ ಅಡಗಿದ್ದು. "ಮದ್ವೆ ಮಾಡಿದ್ರೆ ಸರಿ ಹೋಯ್ತಾನೆ ಅಂದ್ರು ಎಲ್ರೂ. ಹೇಳಿದ್ರೆ ಹೆಣ್ಣು ಕೊಡೋರು ಯಾರಿದ್ರು ನನ್ನಪ್ಪ? ಅದಕ್ಕೇ ಮುಚ್ಚಿಟ್ಟೆ."

ನನಗೆ ಗೆದ್ದ ಸಂತೋಷ ಆಗಬೇಕಿತ್ತು. ಆಗಲಿಲ್ಲ. ಇಷ್ಟು ವರ್ಷ ನನ್ನ ಕಾಲನ್ನು ಬೈದವರಿಗೆ ಮೊದಲಿನಿಂದ ಎಲ್ಲ ಗೊತ್ತಿತ್ತು. ಗೊತ್ತಿದ್ದೂ ಬೈದರು.

ಡಾಕ್ಟರು ಇಂಗ್ಲಿಷಿನಲ್ಲಿ ಬರೆದರು. "ಕನ್ನಡದಲ್ಲಿ ಒಂದ್ಸಲ ಜೋರಾಗಿ ಓದಿ ಸಾರ್," ಅಂದೆ, ಅತ್ತೆಗೆ ಕೇಳಲೆಂದೇ. ಅವರು ಓದಿದರು. 'ಈ ಕಾಯಿಲೆ ಸೈನ್ಯದಲ್ಲಿದ್ದಾಗಲೇ, ಯುದ್ಧದ ಅನುಭವದಿಂದ ಶುರುವಾದದ್ದು ಎಂಬುದು ನನ್ನ ಅಭಿಪ್ರಾಯ.' ನಾನು ಅತ್ತೆಯ ಮುಖ ನೋಡುತ್ತಿದ್ದೆ. ಅಷ್ಟರಲ್ಲಿ ಪಕ್ಕದಿಂದ ಇವರ ದನಿ ಬಂತು.

"ಅಂದ್ರೆ, ನಾನು ಹೆದರುಪುಕ್ಲ ಅಲ್ಲ ಅಂತಲಾ ಸಾರ್?"

ಅತ್ತೆ ಸೊಸೆ ಇಬ್ಬರೂ ತಪ್ಪು ನಿಂದೋ ನಂದೋ ಎಂದು ಇಷ್ಟು ಕಾಲ ಕಿತ್ತಾಡಿದ್ದೆವು. ಆ ತಪ್ಪನ್ನು ತಮ್ಮ ತಲೆಯ ಮೇಲೆ ಹಾಕಿಕೊಂಡು ಇವರು ಗುಂಡಿಯಲ್ಲಿ ಕೂತಿದ್ದರು. "ಅಲ್ಲಪ್ಪ, ಖಂಡಿತ ಅಲ್ಲ," ಅಂದರು ಡಾಕ್ಟರು. ಇವರು ಸರಿ ಎಂಬಂತೆ ತಲೆಯಾಡಿಸಿದರು.

ಬಸ್ಸಿನಲ್ಲಿ ಅತ್ತೆ ನನ್ನ ಕಿವಿಯ ಹತ್ತಿರ ಬಂದು, "ಅಲ್ಲಿ ಹೇಳಿದ್ದು ಊರಲ್ಲಿ ಹೇಳ್ಬೇಡ ಕಣೇ," ಅಂದರು.

ಅರ್ಜಿ ಹೋಯಿತು. ಒಂದು ನಕಲು ಸಾಲದೆಂದು ತಿರುಗಿ ಬಂತು, ಮತ್ತೆ ಹೋಯಿತು. ಪಿಂಚಣಿ ಬರುವಷ್ಟರಲ್ಲಿ ನನ್ನ ತಲೆಯಲ್ಲಿ ನರೆ ಕಾಣಿಸಿಕೊಂಡಿತ್ತು. ಅದರ ಕಥೆ ಹೇಳಲು ಕೂತರೆ ನನಗೇ ರಕ್ತದೊತ್ತಡ ಏರುತ್ತದೆ.

ಆದರೆ ತರೀಕೆರೆಗೆ ಹೋಗಿ ಬಂದ ವರ್ಷದ ಮಳೆಗಾಲದಲ್ಲೇ ಯಜಮಾನರು ಮತ್ತೆ ಒಂದು ಗುಂಡಿ ತೋಡಿದರು. ನಾನು ಕಲ್ಲಿನ ಮೇಲೆ ಬಟ್ಟೆ ಒಗೆಯುತ್ತಿದ್ದೆ. ಒಂದು ದಿನ ಕಳೆಯಿತು, ಎರಡು ದಿನ ಕಳೆಯಿತು, ಅತ್ತೆ ಸಸಿ ತರಲಿಲ್ಲ. ಬೇಲಿಯಾಚೆಯಿಂದ ಪಕ್ಕದ ಮನೆಯಾಕೆ, "ಏನಕ್ಕಾ, ಗುಂಡಿ ಹಂಗೇ ಐತಲ್ಲ, ಗಿಡ ಹಾಕಲ್ವಾ?" ಅಂದಳು.

ಅತ್ತೆ ಗುಂಡಿ ನೋಡಿದರು, ನನ್ನ ಕಡೆ ನೋಡಲಿಲ್ಲ. "ಗಿಡಕ್ಕಲ್ಲ ಕಣಮ್ಮಿ ಅದು. ನನ್ ಮಗ ಕೂತ್ಕೊಳಕ್ಕೆ. ಯುದ್ಧದಲ್ಲಿ ಹತ್ತಿದ ಕಾಯಿಲೆ ಅದು. ಇವಳು ಬರೋಕೆ ಮುಂಚಿಂದ್ಲೂ ಐತೆ," ಅಂದರು.

ನಾನು ಈ ಮನೆಗೆ ಬಂದ ವರ್ಷವೇ ಅತ್ತೆ ಈ ಮಾತು ಹೇಳಿದ್ದರೆ ಅವರ ಗಂಟೇನು ಹೋಗುತ್ತಿತ್ತು? ಹಾಗೆಂದು ಬೈಯುತ್ತಲೇ ಒಗೆದ ಸೀರೆಯನ್ನೇ ಮತ್ತೆ ನೆನೆಸಿ ಒಗೆದೆ. ಕಣ್ಣು ಒರೆಸಿಕೊಳ್ಳೋಣವೆಂದರೆ ಕೈಯೆಲ್ಲ ಸೋಪು.