ವಾಮನಣ್ಣನ ಟೇಲ್‌ಸ್ಟಾಕ್

ವಾಮನಣ್ಣನಿಗೆ ನಿನ್ನೆಯ ದಿನದ ಮೇಲೆ ನಂಬಿಕೆಯೇ ಇರಲಿಲ್ಲ. ನಿನ್ನೆ ನೇರವಾಗಿದ್ದದ್ದು ಇವತ್ತೂ ನೇರವಾಗಿರುತ್ತದೆ ಎಂದು ಯಾರಾದರೂ ಹೇಳಿದರೆ, ಎಣ್ಣೆ ಹಿಡಿದ ತಮ್ಮ ಟೋಪಿ ತೆಗೆದು, ಹೇಳಿದವನ ಮುಖವನ್ನು ಒಮ್ಮೆ ನೋಡಿ, ಮತ್ತೆ ಟೋಪಿ ಹಾಕಿಕೊಳ್ಳುತ್ತಿದ್ದರು. ಅವರ ಬೈಗುಳ ಅಷ್ಟೇ.

ಕೊಲ್ಲಿ ದೇಶದ ವಾದಿ ಕಬೀರ್‌ನ ಒಂದು ವರ್ಕ್‌ಶಾಪಿನಲ್ಲಿ ಅವರು ಟರ್ನರ್, ಲೇತ್ ಓಡಿಸುವವರು. ನಾನು ಅಲ್ಲೇ ಆಫೀಸಿನಲ್ಲಿ ಕೂತು ಬಂದ ಕೆಲಸಗಳನ್ನು ಒಪ್ಪಿಕೊಳ್ಳುವವನು. ಅವರು ಕಾರ್ಕಳದ ಕಡೆಯವರು, ನಾನು ಮೈಸೂರಿನವನು. ಒಂದೇ ಕಟ್ಟಡದಲ್ಲಿ ವಾಸವಿದ್ದುದರಿಂದ ಬೆಳಿಗ್ಗೆ ನನ್ನ ಕಾರಿನಲ್ಲೇ ಬರುತ್ತಿದ್ದರು. ದಾರಿಯಲ್ಲಿ ನನ್ನ ಕನ್ನಡವನ್ನು ಆಡಿಕೊಳ್ಳುವುದೇ ಅವರಿಗೆ ಸಂಭ್ರಮ. "ನೀವು ಮೈಸೂರಿನವರು ಅರ್ಧ ಶಬ್ದ ನುಂಗ್ತೀರಿ ಮಾರಾಯ್ರೆ, ಅಜೀರ್ಣ ಆಗುದಿಲ್ವಾ?" ಎನ್ನುತ್ತಿದ್ದರು.

ಲೇತ್ ಯಂತ್ರ ಕಬ್ಬಿಣದ ಸರಳಿನ ಒಂದು ತುದಿಯನ್ನು ಕಚ್ಚಿ ಹಿಡಿದು ತಿರುಗಿಸುತ್ತದೆ. ಇನ್ನೊಂದು ತುದಿಗೆ ಆಸರೆಯಾಗಿ ನಿಲ್ಲುವುದು ಟೇಲ್‌ಸ್ಟಾಕ್. ಅದು ಕೂದಲೆಳೆಯಷ್ಟು ಪಕ್ಕಕ್ಕೆ ಸರಿದರೂ ಸರಳು ಒಂದು ಕಡೆ ದಪ್ಪ, ಇನ್ನೊಂದು ಕಡೆ ಸಣ್ಣಗಾಗಿ ಬರುತ್ತದೆ. ವಾಮನಣ್ಣ ಪ್ರತಿದಿನ ಬೆಳಿಗ್ಗೆ ಎರಡು ತುದಿಯ ಮೊನೆಗಳನ್ನು ಎದುರುಬದುರು ತಂದು, ನಡುವೆ ತೆಳುವಾದ ಸ್ಟೀಲ್ ಸ್ಕೇಲು ಸಿಕ್ಕಿಸಿ, ಉಸಿರು ಬಿಗಿಹಿಡಿದು ನೋಡುತ್ತಿದ್ದರು. ಸ್ಕೇಲು ಒಂದು ಬದಿಗೆ ವಾಲಿದರೆ ಬುಡದ ಬೋಲ್ಟ್ ಸಡಿಲಿಸಿ, ಪಕ್ಕದ ಸ್ಕ್ರೂವನ್ನು ಚೂರೇ ಚೂರು ತಿರುಗಿಸುವುದು. ಮತ್ತೆ ನೋಡುವುದು. ಕೊನೆಗೊಂದು ಹಳೆಯ ಸರಳನ್ನು ಹೆರೆದು ಎರಡೂ ತುದಿ ಅಳೆಯುವುದು. ಸಹಮ್ ಊರಿನಿಂದ ತೋಟದ ಪಂಪಿನ ಶಾಫ್ಟ್ ಹಿಡಿದು ಬಂದವರೊಬ್ಬರು "ಯಲ್ಲಾ, ಯಲ್ಲಾ" ಎಂದು ಅವಸರ ಮಾಡಿದಾಗ, ಅವರ ಕೈಗೆ ಚಹಾ ಕೊಟ್ಟು ಸ್ಟೂಲಿನ ಮೇಲೆ ಕೂರಿಸಿದ್ದರು.

"ಯಾರೂ ಮುಟ್ಟಿಲ್ಲ ವಾಮನಣ್ಣ, ಮತ್ಯಾಕೆ ನೋಡ್ತೀರಿ?" ಎಂದು ನಾನು ಕೇಳಿದ್ದೆ.

"ರಾತ್ರಿಯಿಡೀ ಅದು ಒಂದೇ ಇತ್ತಲ್ಲ. ಅದರ ಮನಸ್ಸಲ್ಲಿ ಎಂತ ಉಂಟು ಅಂತ ನಿಮಗೆ ಗೊತ್ತುಂಟಾ?"

ಕೆಲವೊಮ್ಮೆ ಚೂಪಾಗುತ್ತಾ ಹೋಗುವ ಶಾಫ್ಟ್ ಬೇಕೆಂದೇ ಮಾಡಬೇಕಾಗುತ್ತದೆ. ಆಗ ಟೇಲ್‌ಸ್ಟಾಕನ್ನು ತಾವೇ ಪಕ್ಕಕ್ಕೆ ಸರಿಸಿ, ಅದರ ಹಿಡಿಗೆ ಒಂದು ಕೆಂಪು ಬಟ್ಟೆಯ ಚೂರು ಕಟ್ಟುತ್ತಿದ್ದರು. ಬಟ್ಟೆಯಿದ್ದರೆ ಲೇತ್ ಹತ್ತಿರ ಯಾರೂ ಸುಳಿಯಬಾರದು. ಮತ್ತೆ ನೇರಕ್ಕೆ ತಂದು, ಅಳೆದು, ಆಮೇಲೆಯೇ ಬಟ್ಟೆ ಬಿಚ್ಚುವುದು. ಇದು ಅವರೇ ಮಾಡಿಕೊಂಡ ಶಾಸ್ತ್ರ.

ಒಂದು ಬೆಳಿಗ್ಗೆ ಆ ಬಟ್ಟೆ ಬಿಚ್ಚಿದರು, ಅದರಲ್ಲಿ ಕೈ ಒರೆಸಿಕೊಂಡರು, ನೇರಕ್ಕೆ ತರದೆ, ಸ್ಕೇಲು ಮುಟ್ಟದೆ ಬುರೈಮಿಯ ಗಿರಾಕಿಯೊಬ್ಬರ ಶಾಫ್ಟನ್ನು ಹೆರೆದು ಕೊಟ್ಟುಬಿಟ್ಟರು. ಶಾಫ್ಟ್ ವಾಪಸು ಬಂತು. ಬೇರಿಂಗ್ ಒಂದು ತುದಿಯಲ್ಲಿ ಹತ್ತುವುದೇ ಇಲ್ಲ, ಇನ್ನೊಂದರಲ್ಲಿ ಲೊಡಲೊಡ ಎನ್ನುತ್ತದೆ. ವಾಮನಣ್ಣ ಅಳೆದು ನೋಡಿ ಮುಖ ಸಿಂಡರಿಸಿದರು.

"ಯಾರು ಇದನ್ನು ಹಾಳು ಮಾಡಿದ್ದು?"

"ನೀವೇ, ವಾಮನಣ್ಣ."

ತಮಾಷೆ ಮಾಡುತ್ತಿದ್ದೇನೆಂದು ತಿಳಿದು ನಕ್ಕರು. ನನಗೆ ನಗು ಬರಲಿಲ್ಲ, ಭಯವಾಯಿತು.

ಡಾಕ್ಟರ ಹತ್ತಿರ ನಾನೇ ಕರೆದುಕೊಂಡು ಹೋದೆ. ಮರೆವಿನ ಕಾಯಿಲೆ, ಹೆಚ್ಚುತ್ತಾ ಹೋಗುವುದೇ ಹೊರತು ಕಡಿಮೆಯಾಗುವುದಲ್ಲ ಎಂದರು. ಆಮೇಲೆ ವಾಮನಣ್ಣ ಎಲ್ಲದಕ್ಕೂ ಬಟ್ಟೆ ಕಟ್ಟತೊಡಗಿದರು. ನೀರಿನ ಬಾಟಲಿಗೆ, ಚಪ್ಪಲಿಗೆ, ರೂಮಿನ ಬಾಗಿಲ ಹಿಡಿಗೆ. ಒಂದು ದಿನ ಕಾರಿನಲ್ಲಿ ತಮ್ಮ ಮಣಿಕಟ್ಟನ್ನೇ ಚಾಚಿ ತೋರಿಸಿದರು. ಅಲ್ಲಿ ಬಟ್ಟೆ ಕಟ್ಟಿತ್ತು.

"ಇದು ಎಂತಕ್ಕೆ ಕಟ್ಟಿದ್ದು? ನಿಮಗೇನಾದ್ರೂ ಹೇಳಿದ್ದೇನಾ ನಾನು?"

"ಹೇಳಿಲ್ಲ" ಎಂದೆ. ಅವರು ಆಫೀಸಿನ ಬಾಗಿಲವರೆಗೂ ಆ ಗಂಟನ್ನೇ ನೋಡುತ್ತಾ ಬಂದರು.

ಊರಿಗೆ ಕಳಿಸುತ್ತಾರೆಂಬ ಸಂಗತಿ ಮಾತ್ರ ಅವರಿಗೆ ಮರೆಯುತ್ತಿರಲಿಲ್ಲ. "ಯಜಮಾನರಿಗೆ ನೀವು ಒಂದು ಮಾತು ಹೇಳಿ. ಕೆಲಸ ಕೊಡುದು ಬೇಡ, ಮಿಷನ್ ಒರೆಸಿಕೊಂಡು ಇರ್ತೇನೆ. ಅದರ ಹತ್ರ ನಿಂತ್ರೆ ನಾನು ಯಾರು ಅಂತಾದ್ರೂ ಗೊತ್ತಾಗ್ತದೆ. ರೂಮಲ್ಲಿ ಕೂತ್ರೆ ಅದೂ ಗೊತ್ತಾಗುದಿಲ್ಲ."

ನಾನು ಹೇಳಿದೆ. ಯಜಮಾನರು ಒಪ್ಪಿದರು, ಒಳ್ಳೆಯ ಮನುಷ್ಯ. ಆದರೆ ಟೇಲ್‌ಸ್ಟಾಕಿನ ಮುಂದೆ ನಿಂತ ವಾಮನಣ್ಣ ಸ್ಕ್ರೂವನ್ನು ಆಚೆ ತಿರುಗಿಸುವರು, ಈಚೆ ತಿರುಗಿಸುವರು, ಯಾವ ಬದಿಗೆ ಎಂದು ತಿಳಿಯದೆ ಕಣ್ಣೊರೆಸಿಕೊಳ್ಳುವರು. ನೋಡಲಾಗದೆ ನಾನು ಆಫೀಸಿನ ಪರದೆ ಎಳೆದುಕೊಂಡು ಕೂರುತ್ತಿದ್ದೆ. ಕೊನೆಗೊಂದು ದಿನ ಬೇರೆಯವರು ಲೇತ್ ಓಡಿಸುತ್ತಿದ್ದಾಗ, ತಿರುಗುತ್ತಿದ್ದ ಶಾಫ್ಟಿನ ಮೇಲೆ ಬಟ್ಟೆ ಇಟ್ಟು ಒರೆಸಲು ಹೋದರು. ಯಜಮಾನರೇ ಓಡಿಬಂದು ಅವರ ತೋಳು ಹಿಡಿದೆಳೆದರು. ಕೈ ಉಳಿಯಿತು.

"ಖಲಾಸ್, ವಾಮನ್ ಭಾಯ್. ಅಬ್ ಘರ್ ಜಾವ್" ಎಂದರು ಯಜಮಾನರು, ಮುಗಿಯಿತು, ಇನ್ನು ಊರಿಗೆ ಹೊರಡಿ ಎಂದು.

ಹೊರಡುವ ದಿನ ಏರ್‌ಪೋರ್ಟಿಗೆ ನಾನೇ ಬಿಟ್ಟೆ. ಜೊತೆಗೆ ಹೋಗಲಿದ್ದ ಅವರ ತಂಗಿಯ ಮಗ ಹಿಂದೆ ಕೂತಿದ್ದ, ವಾಮನಣ್ಣ ಎಂದಿನಂತೆ ನನ್ನ ಪಕ್ಕದಲ್ಲಿ. ಇಸ್ತ್ರಿ ಮಾಡಿದ ಶರ್ಟು, ನುಣ್ಣಗೆ ಕ್ಷೌರ. ವರ್ಕ್‌ಶಾಪಿಗೆ ತಿರುಗುವ ರಸ್ತೆ ದಾಟಿದಾಗ ಕಿಟಕಿಯ ಗಾಜಿಗೆ ಅಂಗೈ ಒತ್ತಿ ಹಿಂದೆ ತಿರುಗಿ ನೋಡಿದರು.

"ಓ, ಬಿಟ್ಟು ಮುಂದೆ ಬಂದ್ರಿ ಮಾರಾಯ್ರೆ. ಲೇಟ್ ಆಗ್ತದೆ, ತಿರುಗಿಸಿ."

"ಇವತ್ತು ಶುಕ್ರವಾರ, ವಾಮನಣ್ಣ. ರಜೆ."

ಶುಕ್ರವಾರವಾಗಿರಲಿಲ್ಲ. ಅವರು ನಂಬಿದರು. "ಹಾಗಾದ್ರೆ ನಾವು ಎಲ್ಲಿಗೆ ಹೋಗುದು?" ಎಂದು ಕೇಳಿದರು. ಊರಿಗೆ ಎಂದೆ.

"ಅಲ್ಲಿ ಲೇತ್ ಉಂಟಾ?"

ಹಿಂದೆ ಕೂತಿದ್ದವನು ಅಳತೊಡಗಿದ. ನಾನು ರಸ್ತೆಯಿಂದ ಕಣ್ಣು ತೆಗೆಯಲಿಲ್ಲ.

"ಉಂಟು" ಎಂದೆ.